ಹತ್ತು ವರ್ಷ ಬಾಳುವ ಗೇಮಿಂಗ್ ಪಿಸಿ: ಪ್ಲಗ್ ಪಾಯಿಂಟಿನಿಂದ ಶುರು ಮಾಡಿ

ಗೇಮಿಂಗ್ ಪಿಸಿ ಕಟ್ಟಿಸಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಅಣ್ಣಾ, ಈ ಬಜೆಟ್ಟಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಬರುತ್ತೆ?’ ಆಮೇಲೆ ಪ್ರೊಸೆಸರ್, ಆಮೇಲೆ ರ‍್ಯಾಮ್, ಆಮೇಲೆ ಬಣ್ಣದ ಲೈಟು ಹೊಳೆಯುವ ಕ್ಯಾಬಿನೆಟ್. ಕೈಯಲ್ಲಿ ಉಳಿದ ಚಿಲ್ಲರೆಗೆ ಒಂದು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟು ಹದಮಾಡಿ ಕೊಡುವ ಪವರ್ ಸಪ್ಲೈ. ಮನೆಯ ಅರ್ಥಿಂಗ್ ಹೇಗಿದೆ ಎಂದು ಕೊಳ್ಳುವವರೂ ಯೋಚಿಸುವುದಿಲ್ಲ, ಮಾರುವವರೂ ಕೇಳುವುದಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಇಲ್ಲಿ ಪಿಸಿಯ ಆಯಸ್ಸನ್ನು ತೀರ್ಮಾನಿಸುವುದು ಕಾರ್ಡಿನ ನಂಬರ್ ಅಲ್ಲ; ಕರೆಂಟು, ದೂಳು, ಬಿಸಿಲು. ಈ ಮೂರನ್ನೂ ತಡೆದುಕೊಳ್ಳುವ ಭಾಗಗಳಿಗೆ ಮೊದಲು ದುಡ್ಡು ಎತ್ತಿಟ್ಟು, ಹಳತಾಗಲೇಬೇಕಾದ ಭಾಗಕ್ಕೆ ಮಿತವಾಗಿ ಖರ್ಚು ಮಾಡಿದವರ ಯಂತ್ರ ಹತ್ತು ವರ್ಷ ದುಡಿಯುತ್ತದೆ.

ಮೂರು ದಾರಿಗಳು

ಬಹುಕಾಲ ಬಾಳುವ ಪಿಸಿಯ ಬಗ್ಗೆ ಮೂರು ವಾದಗಳಿವೆ. ಒಮ್ಮೆಲೇ ದೊಡ್ಡದನ್ನೇ ತಂದುಬಿಟ್ಟರೆ ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎನ್ನುವುದು ಮೊದಲನೆಯದು. ಟೊಮೆಟೊಗೆ ಒಳ್ಳೆ ರೇಟು ಸಿಕ್ಕ ವರ್ಷ, ರೇಷ್ಮೆ ಗೂಡಿಗೆ ಬೆಲೆ ಬಂದ ವರ್ಷ ಮನೆಗೆ ದೊಡ್ಡ ಸಾಮಾನು ಬರುವ ನಮ್ಮ ಕಡೆ ಈ ವಾದಕ್ಕೆ ಸಹಜವಾಗಿಯೇ ಬೆಂಬಲವಿದೆ. ಆದರೆ ಅನುಭವ ಬೇರೆ ಹೇಳುತ್ತದೆ. 2017ರ ಮಾರ್ಚ್‌ನಲ್ಲಿ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐ ಆ ಕಾಲದ ದೈತ್ಯ ಕಾರ್ಡು. 11 ಜಿಬಿ ಮೆಮೊರಿ ಇದ್ದುದರಿಂದ ಬಹಳ ದಿನ ತಡೆಯಿತು ಕೂಡ. ಆದರೂ 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ಮೇ ತಿಂಗಳ ‘ಡೂಮ್: ದ ಡಾರ್ಕ್ ಏಜಸ್’ ಎರಡೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದ ಈ ಕಾರ್ಡನ್ನು ಬಾಗಿಲಲ್ಲೇ ನಿಲ್ಲಿಸಿದವು. ಶಕ್ತಿ ಸಾಲದೆ ಹೋದದ್ದಲ್ಲ, ತಂತ್ರಜ್ಞಾನ ಬದಲಾಯಿತು. ಅದಕ್ಕೆ ಎಷ್ಟು ದುಡ್ಡು ಸುರಿದಿದ್ದರೂ ಪರಿಹಾರವಿರಲಿಲ್ಲ.

ಎರಡನೆಯದು ಸೆಕೆಂಡ್ ಹ್ಯಾಂಡ್ ದಾರಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತಾಗ ಹಗಲೂ ರಾತ್ರಿ ದುಡಿದಿದ್ದ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಅವುಗಳಲ್ಲಿ ಚೆನ್ನಾಗಿ ನಡೆದವೂ ಇವೆ, ಫ್ಯಾನು ಸವೆದು ಮೆಮೊರಿ ಬೆಂದು ಕೈಕೊಟ್ಟವೂ ಇವೆ. ಕ್ಯಾಬಿನೆಟ್, ಏರ್ ಕೂಲರ್, ಪ್ರೊಸೆಸರ್ ಹಳತಾದರೂ ಅಷ್ಟು ಭಯವಿಲ್ಲ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿಯನ್ನು ಮಾತ್ರ ಹಳೆಯದು ತರಬಾರದು. ವಾರಂಟಿ ಇಲ್ಲದ ಕಾರ್ಡನ್ನು ತಂದರೆ, ಹೋದರೆ ಹೋಯಿತು ಎನ್ನುವ ದುಡ್ಡಿನಲ್ಲೇ ತರಬೇಕು.

ಮೂರನೆಯ ದಾರಿಯೇ ಈ ಲೇಖನ ಒಪ್ಪುವ ದಾರಿ: ಉಳಿಯುವ ಭಾಗಗಳು, ಬದಲಾಗುವ ಭಾಗಗಳು ಎಂದು ಮೊದಲೇ ವಿಂಗಡಿಸಿಕೊಳ್ಳುವುದು. ಎಸ್‌ಎಂಪಿಎಸ್, ಕ್ಯಾಬಿನೆಟ್, ಕೂಲರ್, ಮಾನಿಟರ್ ಹತ್ತು ವರ್ಷದ ಲೆಕ್ಕ. ಮದರ್‌ಬೋರ್ಡ್, ರ‍್ಯಾಮ್ ಏಳೆಂಟು ವರ್ಷ. ಗ್ರಾಫಿಕ್ಸ್ ಕಾರ್ಡು ನಾಲ್ಕೈದು ವರ್ಷ. ನಡುವೆ ಒಮ್ಮೆ ಪ್ರೊಸೆಸರ್ ಬದಲಿಸಲು ಜಾಗ ಇಟ್ಟುಕೊಂಡರೆ ಸಾಕು.

ಗೋಡೆಯೊಳಗಿನ ಕೆಲಸ

ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುತ್ತದೆ ಎಂಬ ದೂರು ಹಳ್ಳಿ ಮನೆಗಳಲ್ಲಿ ಸಾಮಾನ್ಯ. ಕಂಪ್ಯೂಟರ್ ಶಾಕ್ ಹೊಡೆಯುತ್ತಿದೆ ಎಂದು ಅಂಗಡಿಗೆ ಹೊತ್ತು ತರುತ್ತಾರೆ. ತಪ್ಪು ಕಂಪ್ಯೂಟರಿನದಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಆ ಗದ್ದಲವನ್ನು ಅರ್ಥ್ ತಂತಿಗೆ ಬಿಡುತ್ತವೆ. ಅರ್ಥ್ ತಂತಿ ಎಲ್ಲಿಗೂ ಸೇರದೆ ಸಾಕೆಟ್ಟಿನಲ್ಲೇ ನಿಂತಿದ್ದರೆ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಸುಮಾರು ಅರ್ಧದಷ್ಟು ವೋಲ್ಟೇಜ್ ಬಂದು ಕೂರುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಆದರೆ ಆ ಮನೆಯಲ್ಲಿ ಅರ್ಥಿಂಗ್ ಇಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಪಿಸಿ ತರುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮಲ್ಟಿಮೀಟರ್‌ನಲ್ಲಿ ಮೂರು ರೀಡಿಂಗ್ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಕೊನೆಯದು ಇಪ್ಪತ್ತು ಮೂವತ್ತು ತೋರಿಸಿದರೆ ಅರ್ಥ್ ಗುಂಡಿ ಒಣಗಿದೆ, ಇಲ್ಲವೇ ಎಲ್ಲೋ ತಂತಿ ಸಡಿಲವಾಗಿದೆ. ನಮ್ಮ ಬಯಲುಸೀಮೆಯ ಗಟ್ಟಿ, ಕಲ್ಲು ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ಥ್ ಗುಂಡಿ ಒಣಗುವುದು ಮಾಮೂಲು. ಇದ್ದಿಲು, ಉಪ್ಪು ತುಂಬಿ ಆಗಾಗ ನೀರು ಹಾಕುವ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ. ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಪಟ್ಟಿಗಳು ಹೆಚ್ಚುವರಿ ವೋಲ್ಟೇಜನ್ನು ಬಹುಪಾಲು ಅರ್ಥ್ ತಂತಿಗೆ ಬಿಡುವಂಥವು. ಅರ್ಥ್ ಇಲ್ಲದ ಮನೆಯಲ್ಲಿ ಅವು ಮಾಡುವ ಕೆಲಸ ಅರ್ಧಂಬರ್ಧ.

ಮುಂಗಾರಿಗೂ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಇನ್ನೊಂದು ಪರೀಕ್ಷೆ. ಸಿಡಿಲಿನ ಹೊಡೆತ ಕರೆಂಟು ತಂತಿಯಿಂದಷ್ಟೇ ಬರುವುದಿಲ್ಲ. ತಾಮ್ರದ ನೆಟ್‌ವರ್ಕ್ ತಂತಿಯಿಂದ, ಡಿಶ್ ಕೇಬಲ್ಲಿನಿಂದಲೂ ಬರುತ್ತದೆ. ಈಗಿನ ಫೈಬರ್ ಸಂಪರ್ಕದಲ್ಲಿ ಗಾಜಿನ ಎಳೆ ಮಿಂಚನ್ನು ಹಾಯಿಸದ ಕಾರಣ ಆ ಒಂದು ದಾರಿ ಮುಚ್ಚಿದೆ. ಆದರೂ ಗುಡುಗು ಕೇಳಿದಾಗ ಪ್ಲಗ್ ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಇನ್ನೂ ಬಂದಿಲ್ಲ.

ಎಸ್‌ಎಂಪಿಎಸ್: ಎಲ್ಲಕ್ಕಿಂತ ಮೊದಲು ಆರಿಸುವ ಭಾಗ

ಬೋರ್‌ವೆಲ್‌ಗಳ ನಾಡಿದು. ತ್ರೀ ಫೇಸ್ ಕೊಟ್ಟ ಹೊತ್ತಿಗೆ ಸುತ್ತಲಿನ ಮೋಟಾರುಗಳು ಒಟ್ಟಿಗೆ ಎದ್ದರೆ ಹಳ್ಳಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಬಿದ್ದು ವೋಲ್ಟೇಜ್ ಕುಸಿಯುತ್ತದೆ. ಕರೆಂಟು ಹೋಗಿ ಬಂದಾಗ ಒಂದು ಕ್ಷಣ ಮೇಲೆ ಜಿಗಿಯುತ್ತದೆ. ಈ ಏರಿಳಿತವನ್ನು ಮೊದಲು ಎದುರಿಸುವುದು ಎಸ್‌ಎಂಪಿಎಸ್. ಒಳ್ಳೆಯದು ಸತ್ತರೆ ಒಂದು ಭಾಗ ಹೋಯಿತು, ಅಷ್ಟೆ. ಕೆಟ್ಟ ಎಸ್‌ಎಂಪಿಎಸ್ ಸಾಯುವಾಗ ಬೋರ್ಡನ್ನೂ ಕಾರ್ಡನ್ನೂ ಜತೆಗೆ ಕರೆದೊಯ್ಯುತ್ತದೆ.

ಕೊಳ್ಳುವಾಗ ಲೇಬಲ್ಲಿನ ‘ಎಸಿ ಇನ್‌ಪುಟ್’ ಸಾಲನ್ನು ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಅದು ಕುಸಿದ ವೋಲ್ಟೇಜಿನಲ್ಲೂ ಉಸಿರು ಹಿಡಿದು ನಿಲ್ಲುತ್ತದೆ. ಕೆಲವು ಅಗ್ಗದ ಮಾಡೆಲ್‌ಗಳು 200ರಿಂದ 240 ಎಂದಷ್ಟೇ ಬರೆದುಕೊಂಡಿರುತ್ತವೆ. ಸಂಜೆಯ ಹೊತ್ತು 180ಕ್ಕೆ ಇಳಿಯುವ ಊರಿಗೆ ಅವು ಬೇಡ. ‘80 ಪ್ಲಸ್’ ಮುದ್ರೆಯನ್ನು ಗುಣಮಟ್ಟದ ಸರ್ಟಿಫಿಕೇಟ್ ಎಂದು ತಿಳಿಯುವವರಿದ್ದಾರೆ. 2004ರಲ್ಲಿ ಶುರುವಾದ ಆ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಬಾಳಿಕೆಯ ಸುಳಿವು ಬೇಕಿದ್ದರೆ ವಾರಂಟಿಯ ವರ್ಷ ನೋಡಿ: ಮೂರು ವರ್ಷದ್ದನ್ನು ಬಿಟ್ಟು ಏಳು, ಹತ್ತು ವರ್ಷದ್ದನ್ನು ಹಿಡಿಯಿರಿ. ಒಳಗಿನ ಕೆಪಾಸಿಟರ್‌ಗಳು 105 ಡಿಗ್ರಿಯವೇ ಎಂದು ವಿಚಾರಿಸಿ. ಈ ಕೆಪಾಸಿಟರ್‌ಗಳ ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರೂ ಬಳಸುವ ಲೆಕ್ಕ. ಬಿಸಿಲ ನಾಡಿನಲ್ಲಿ ಈ ಒಂದು ಲೆಕ್ಕವೇ ಸಾಕು.

ಎಷ್ಟು ವ್ಯಾಟ್? ಮಧ್ಯಮ ಪ್ರೊಸೆಸರ್ ಸುಮಾರು 100, ಮಧ್ಯಮ ಕಾರ್ಡು 150ರಿಂದ 220, ಉಳಿದದ್ದಕ್ಕೆ 50 ಎಂದಿಟ್ಟುಕೊಂಡರೂ 400 ದಾಟುವುದಿಲ್ಲ. 650 ಅಥವಾ 750 ವ್ಯಾಟಿನದು ತಂದರೆ ಅರ್ಧ ಭಾರದಲ್ಲಿ ತಣ್ಣಗೆ ಓಡುತ್ತದೆ, ಮುಂದಿನ ಕಾರ್ಡಿಗೂ ಜಾಗವಿರುತ್ತದೆ. ಹೊಸದಾಗಿ ಕೊಳ್ಳುವವರು ಎಟಿಎಕ್ಸ್ 3.1 ಮಾದರಿಯದನ್ನೇ ಕೇಳಲಿ. 2022ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಹೊಸ ಕನೆಕ್ಟರ್ ಕರಗಿದ ಸುದ್ದಿ ಬಂದ ಮೇಲೆ ಅದನ್ನು ತಿದ್ದಿ ಕೊಟ್ಟ ರೂಪ ಇದರಲ್ಲಿದೆ. ಆ ಕನೆಕ್ಟರನ್ನು ಕೊನೆಯ ತನಕ ಒತ್ತಿ ಕೂರಿಸುವ ಎಚ್ಚರಿಕೆ ಆಗಲೂ ಬೇಕು, ಈಗಲೂ ಬೇಕು.

ಯುಪಿಎಸ್ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾದ ಮನೆಗಳೇ ಹೆಚ್ಚು. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಹೊರುವುದು 360 ವ್ಯಾಟ್. ಆಫೀಸಿನ ಕಂಪ್ಯೂಟರಿಗೆ ಸರಿ. ಆಟದ ಮಧ್ಯೆ ಕರೆಂಟು ಹೋದರೆ ಕೀ ಎಂದು ಕೂಗಿ ತಾನೇ ಮಲಗುತ್ತದೆ. ಗೇಮಿಂಗ್ ಪಿಸಿಗೆ 1,000 ವಿಎಗೆ ಕಡಿಮೆ ಬೇಡ. ಮನೆಗೆ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಮಾದರಿಯದೇ ಎಂದು ನೋಡಿ, ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು 16, 17 ಮಿಲಿಸೆಕೆಂಡ್ ಅಷ್ಟೇ. ಇನ್ವರ್ಟರ್ ಬದಲಾಗಲು ಅದಕ್ಕಿಂತ ತಡ ಮಾಡಿದರೆ ಪಿಸಿ ರೀಸ್ಟಾರ್ಟ್ ಆಗುತ್ತದೆ.

ದೂಳು, ಬಿಸಿಲು, ಹುಳು ಮನೆ

ವಿಮರ್ಶಕರು ಕೂಲರ್ ಪರೀಕ್ಷಿಸುವುದು 21ರಿಂದ 25 ಡಿಗ್ರಿಯ ಎಸಿ ಕೋಣೆಯಲ್ಲಿ. ಚಿಕ್ಕಬಳ್ಳಾಪುರಕ್ಕಿಂತ ತಗ್ಗಿನಲ್ಲಿರುವ ಗೌರಿಬಿದನೂರಿನಲ್ಲಿ ಏಪ್ರಿಲ್ ಮಧ್ಯಾಹ್ನ, ಮೋಲ್ಡ್ ಮನೆಯ ಮೇಲಿನ ಕೋಣೆಯಲ್ಲಿ 36 ಡಿಗ್ರಿ ಇದ್ದರೆ ಆ ವಿಮರ್ಶೆಯ ಅಂಕಿಗೆ ಹನ್ನೆರಡು, ಹದಿನೈದು ಡಿಗ್ರಿ ಸೇರಿಸಿಯೇ ಓದಬೇಕು. 75 ಎಂದದ್ದು ಇಲ್ಲಿ 90 ಮುಟ್ಟುತ್ತದೆ.

ನೀರಿನ ಕೂಲರ್‌ಗಳು ನೋಡಲು ಚೆಂದ. ಆದರೆ ಪಂಪು ಸವೆಯುತ್ತದೆ, ಒಳಗಿನ ದ್ರವ ವರ್ಷಗಳಲ್ಲಿ ಕಡಿಮೆಯಾಗುತ್ತದೆ, ಕೆಟ್ಟರೆ ಇಡೀ ಸೆಟ್ ಎಸೆಯಬೇಕು. ಎರಡು ಗೋಪುರದ ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ. ಅದನ್ನು ಸ್ಕ್ರೂಡ್ರೈವರ್ ಇಲ್ಲದೆಯೂ ಬದಲಿಸಬಹುದು. ಬಾಳಿಕೆಯ ಪ್ರಶ್ನೆಯಲ್ಲಿ ಇಲ್ಲಿ ಎರಡನೆಯ ಮಾತಿಲ್ಲ.

ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಿವೆ. ಆ ದೂಳು ನಯವಾದದ್ದು, ಫ್ಯಾನಿನ ಬೇರಿಂಗ್ ಒಳಗೂ ಇಳಿಯುತ್ತದೆ. ಮುಂಭಾಗ ಪೂರ್ತಿ ಗಾಜಾಗಿರುವ ಕ್ಯಾಬಿನೆಟ್ ಬಿಟ್ಟು ಜಾಲರಿ ಮುಖದ, ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ ತನ್ನಿ. ಗಾಳಿ ಒಳಗೆ ಎಳೆಯುವ ಫ್ಯಾನು ಮೂರಿದ್ದರೆ ಹೊರಗೆ ತಳ್ಳುವುದು ಒಂದಿರಲಿ. ಒಳಗಿನ ಒತ್ತಡ ಹೆಚ್ಚಾದಾಗ ಸಂದುಗಳಿಂದ ದೂಳು ನುಗ್ಗುವುದಿಲ್ಲ, ಫಿಲ್ಟರ್ ಮೂಲಕವೇ ಗಾಳಿ ಬರುತ್ತದೆ. ಹಿಂಭಾಗದಲ್ಲಿ ಕಾರ್ಡ್ ಇಲ್ಲದ ಸ್ಲಾಟುಗಳ ತಗಡು ಕಿತ್ತಿದ್ದರೆ ತಪ್ಪದೆ ಮುಚ್ಚಿ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ, ಜಿರಳೆಗಳಿಗೆ ಅದೇ ಹೆಬ್ಬಾಗಿಲು. ಎಸ್‌ಎಂಪಿಎಸ್ ಒಳಗೆ ಸುಟ್ಟ ಹಲ್ಲಿ ಸಿಗುವುದು ರಿಪೇರಿ ಮಾಡುವವರಿಗೆ ಹೊಸದೇನಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಿಗೆ ಇನ್ನೊಂದು ಮಾತು ಹೇಳಬೇಕು. ಇದನ್ನು ಯಾವ ಹೊರ ದೇಶದ ವಿಮರ್ಶಕನೂ ಹೇಳುವುದಿಲ್ಲ. ಪ್ರತಿ ಬೆಳೆಗೂ ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್‌ನಂಥ ಸೋಂಕುನಿವಾರಕಗಳಿಂದ ತೊಳೆಯುತ್ತಾರೆ, ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತಾರೆ. ಹುಳುವಿನ ರೋಗಕ್ಕೆ ಅದು ಬೇಕೇ ಬೇಕು. ಆದರೆ ಬ್ಲೀಚಿಂಗ್ ಪೌಡರಿನಿಂದ ಏಳುವ ಕ್ಲೋರಿನ್ ತಾಮ್ರ, ಬೆಳ್ಳಿಯನ್ನು ತಿನ್ನುತ್ತದೆ. ಮದರ್‌ಬೋರ್ಡಿನ ಗೆರೆಗಳು, ರ‍್ಯಾಮ್ ಸ್ಲಾಟಿನ ಹಲ್ಲುಗಳು, ಕನೆಕ್ಟರ್‌ಗಳು ಇರುವುದೇ ಇಂಥ ಲೋಹಗಳಿಂದ. ನೂಲು ಬಿಚ್ಚುವ ಘಟಕದ ಪಕ್ಕದ ಮನೆಯಾದರೆ ಬಿಸಿನೀರಿನ ಹಬೆಯೂ ಜತೆಗೂಡುತ್ತದೆ. ಹುಳು ಮನೆ ಮತ್ತು ಪಿಸಿ ಕೋಣೆಯ ನಡುವೆ ಬಾಗಿಲು ಇರಲಿ. ಸೋಂಕು ನಿವಾರಣೆಯ ದಿನ ಪಿಸಿ ಆರಿಸಿ, ಬಟ್ಟೆ ಮುಚ್ಚಿ, ಗಾಳಿ ಆಡಿದ ಮೇಲೆ ಹಾಕಿ. ಈ ಎಚ್ಚರಿಕೆಗೆ ಒಂದು ರೂಪಾಯಿ ಖರ್ಚಿಲ್ಲ.

ಬೋರ್ಡು, ಪ್ರೊಸೆಸರ್, ರ‍್ಯಾಮ್

ಮದರ್‌ಬೋರ್ಡ್ ಆರಿಸುವಾಗ ಕೇಳಬೇಕಾದದ್ದು, ಇದರ ಮೇಲೆ ಇನ್ನೊಂದು ಪ್ರೊಸೆಸರ್ ಕೂರುತ್ತದೆಯೇ ಎಂದು. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂತು. 2017ರಲ್ಲಿ ಮೊದಲ ರೈಜನ್ ಹಾಕಿಸಿಕೊಂಡವರಲ್ಲಿ ಹಲವರು ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ 2022ರ ರೈಜನ್ 7 5800ಎಕ್ಸ್3ಡಿ ಕೂರಿಸಿ ಹೊಸ ಯಂತ್ರದಂತೆ ಓಡಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಕನಿಷ್ಠ 2027ರವರೆಗೆ ಬೆಂಬಲ ಎಂದು ಕಂಪನಿ ಹೇಳಿದೆ. ಇಂಟೆಲ್ ಈ ವಿಷಯದಲ್ಲಿ ಕೈ ಬಿಗಿ: ಎಲ್‌ಜಿಎ 1200 ಎರಡೇ ತಲೆಮಾರಿಗೆ ಮುಗಿಯಿತು, 2021ರ ಎಲ್‌ಜಿಎ 1700ನ್ನು 2024ರಲ್ಲಿ ಬದಲಿಸಿತು. ಅದರ ಮೇಲೆ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಅಧಿಕ ವೋಲ್ಟೇಜಿನಿಂದ ಅಸ್ಥಿರವಾದ ಪ್ರಕರಣದಲ್ಲಿ, 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಅಂಥ ಪ್ರೊಸೆಸರ್ ಇರುವವರು ಬಯಾಸ್ ಹೊಸದಾಗಿದೆಯೇ ಎಂದು ಇಂದೇ ನೋಡಿಕೊಳ್ಳುವುದು ಲೇಸು.

ಬೋರ್ಡಿನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರಲಿ. ಮುಂದೆ ಹೊಸ ಪ್ರೊಸೆಸರ್ ತಂದಾಗ ಪೆನ್ ಡ್ರೈವ್ ಚುಚ್ಚಿ ಮನೆಯಲ್ಲೇ ಅಪ್‌ಡೇಟ್ ಮಾಡಬಹುದು, ಬೋರ್ಡ್ ಹೊತ್ತುಕೊಂಡು ಬೆಂಗಳೂರು ಬಸ್ ಹತ್ತಬೇಕಾಗಿಲ್ಲ. ರ‍್ಯಾಮ್‌ಗೆ ನಾಲ್ಕು ಸ್ಲಾಟ್, ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಸಾಕು.

ಎಷ್ಟು ಕೋರ್ ಬೇಕೆಂಬುದಕ್ಕೆ ಆಟದ ಕನ್ಸೋಲ್‌ಗಳೇ ಅಳತೆ. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಂಟು ಕೋರ್, 16 ಜಿಬಿ ಮೆಮೊರಿ. ದೊಡ್ಡ ಆಟಗಳನ್ನು ಇವುಗಳಿಗೆ ಹೊಂದುವಂತೆಯೇ ಕಟ್ಟುತ್ತಾರೆ. ಹಾಗಾಗಿ ಈಗಿನ ಎಂಟು ಕೋರಿನ ಪ್ರೊಸೆಸರ್ ನೆಮ್ಮದಿಯ ಆಯ್ಕೆ, ಆರು ಕೋರ್ ಕನಿಷ್ಠ. ರ‍್ಯಾಮ್ 32 ಜಿಬಿ ಆದರೆ ಚಿಂತೆ ಇಲ್ಲ. ಆದರೆ ಎಐ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಗಗನಕ್ಕೇರಿತು. ಬೆಲೆ ಕಚ್ಚುವಂತಿದ್ದರೆ 8 ಜಿಬಿಯ ಎರಡು ಕಡ್ಡಿ ಹಾಕಿ ಎರಡು ಸ್ಲಾಟ್ ಖಾಲಿ ಬಿಡಿ. ಆಮೇಲೆ ತುಂಬುವಾಗ ಅದೇ ಮಾದರಿಯ ಕಡ್ಡಿ ಹುಡುಕಿ. ಡಿಡಿಆರ್5ರಲ್ಲಿ ನಾಲ್ಕೂ ತುಂಬಿದರೆ ವೇಗ ಸ್ವಲ್ಪ ಇಳಿಯುತ್ತದೆ ಎಂಬುದೂ ಗೊತ್ತಿರಲಿ.

ಎಸ್‌ಎಸ್‌ಡಿಯಲ್ಲಿ ಟಿಬಿಡಬ್ಲ್ಯು ಎಂಬ ಅಂಕಿ ನೋಡಿ. ಒಳ್ಳೆಯ 1 ಟಿಬಿ ಟಿಎಲ್‌ಸಿ ಡ್ರೈವಿಗೆ 600 ಟಿಬಿ ಬರೆಯುವಷ್ಟು ಭರವಸೆ ಇರುತ್ತದೆ. ದಿನಕ್ಕೆ 50 ಜಿಬಿ ಬರೆದರೂ ಮೂವತ್ತು ವರ್ಷ ಬೇಕು. ಅಗ್ಗದ ಕ್ಯುಎಲ್‌ಸಿ ಡ್ರೈವ್‌ಗಳಿಗೆ ಈ ಭರವಸೆ ಕಡಿಮೆ.

ಗ್ರಾಫಿಕ್ಸ್ ಕಾರ್ಡ್: ಕೊನೆಯಲ್ಲಿ, ಮಿತವಾಗಿ

ಮೊದಲು ಏನು ಆಡುತ್ತೀರಿ ಎಂದು ಕೇಳಿಕೊಳ್ಳಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್, ಪಿಸಿಗೆ 2015ರಲ್ಲಿ ಬಂದ ಜಿಟಿಎ 5 ಇಷ್ಟೇ ಆದರೆ ಕೆಳದರ್ಜೆಯ ಕಾರ್ಡೂ ವರ್ಷಗಟ್ಟಲೆ ಸಾಕು. ಹೊಸ ದೊಡ್ಡ ಆಟಗಳೇ ಬೇಕೆಂದರೆ ಕಾರ್ಡಿನ ಮೆಮೊರಿ ನೋಡಬೇಕು. 2016ರಲ್ಲಿ ಜಿಟಿಎಕ್ಸ್ 1060 ಕಾರ್ಡು 3 ಜಿಬಿ, 6 ಜಿಬಿ ಎರಡು ರೂಪದಲ್ಲಿ ಬಂತು. ಸ್ವಲ್ಪ ಉಳಿಸಲು 3 ಜಿಬಿ ತಂದವರು ಬೇಗ ಕೈಚೆಲ್ಲಿದರು. 2020ರ ಆರ್‌ಟಿಎಕ್ಸ್ 3070 ಬಲದಲ್ಲಿ ದೊಡ್ಡದಾದರೂ ಅದರ 8 ಜಿಬಿ ಮೆಮೊರಿ ಕೆಲವು ಹೊಸ ಆಟಗಳಲ್ಲಿ ಸಾಲದೆ ಚಿತ್ರ ತಡವರಿಸಿತು. 2025ರಲ್ಲಿ ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಮತ್ತೆ 8 ಜಿಬಿ, 16 ಜಿಬಿ ಎಂದು ಎರಡು ರೂಪದಲ್ಲಿ ಬಂದಿವೆ. ಐದು ವರ್ಷದ ಲೆಕ್ಕ ಇದ್ದವರು 16 ಜಿಬಿಯದನ್ನೇ ತರಲಿ.

ಮಾನಿಟರ್ ಕೂಡ ಕಾರ್ಡಿನ ಆಯಸ್ಸನ್ನು ನಿರ್ಧರಿಸುತ್ತದೆ. 1080ಪಿ ಪರದೆಗೆ ಐದಾರು ವರ್ಷ ದುಡಿಯುವ ಕಾರ್ಡು 4ಕೆ ಪರದೆಗೆ ಎರಡೇ ವರ್ಷಕ್ಕೆ ಸುಸ್ತಾಗುತ್ತದೆ. ನಡುವಿನ 1440ಪಿ ಹೆಚ್ಚಿನವರಿಗೆ ಹದವಾದ ಆಯ್ಕೆ.

ಸಾಫ್ಟ್‌ವೇರ್ ಕೂಡ ಯಂತ್ರವನ್ನು ಮುದಿ ಮಾಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಪಿಸಿಗಳು ಟಿಪಿಎಂ 2.0 ಇಲ್ಲವೆಂದೋ ಪ್ರೊಸೆಸರ್ ಹಳೆಯದೆಂದೋ ವಿಂಡೋಸ್ 11ಕ್ಕೆ ಅನರ್ಹವಾದವು. ಲಿನಕ್ಸ್‌ನಲ್ಲಿ ಈಗ ಬಹಳ ಆಟಗಳು ನಡೆಯುತ್ತವೆ, ಆದರೆ ವ್ಯಾಲರಂಟ್‌ನಂಥವು ನಡೆಯುವುದಿಲ್ಲ.

ಬಿಲ್ಲು, ವಾರಂಟಿ, ಯೂನಿಟ್ಟು

ಬಿಡಿಭಾಗಗಳ ದೊಡ್ಡ ಪೇಟೆ ಬೆಂಗಳೂರಿನ ಎಸ್.ಪಿ. ರಸ್ತೆ. ಚಿಕ್ಕಬಳ್ಳಾಪುರದಿಂದ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು. ಗೌರಿಬಿದನೂರಿನವರಿಗೆ ನೇರ ರೈಲಿದೆ. ಅಲ್ಲಿ ಬಿಲ್ ಇಲ್ಲದೆ ಕೊಟ್ಟರೆ ಶೇ 18ರ ಜಿಎಸ್‌ಟಿ ಉಳಿಯಿತು ಎಂದು ಖುಷಿ ಪಡುವವರು ವಾರಂಟಿಯನ್ನೂ ಅಲ್ಲೇ ಬಿಟ್ಟು ಬರುತ್ತಾರೆ. ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಫೋಟೊ ತೆಗೆದಿಡಿ. ಬಿಲ್ಲಿನ ಶಾಯಿ ಎರಡು ವರ್ಷಕ್ಕೆ ಮಾಸುತ್ತದೆ. ಭಾರತದ ವಿತರಕರ ಮೂಲಕ ಬಂದ ಮಾಲೇ ಎಂದು ಖಚಿತಪಡಿಸಿಕೊಳ್ಳಿ. ಹೊರಗಿನಿಂದ ತಂದ ಕಾರ್ಡಿಗೆ ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿ ಕೊಡದೆ ಹೋಗಬಹುದು.

ವಿದ್ಯುತ್ ಲೆಕ್ಕವೂ ಮನೆಯವರಿಗೆ ಗೊತ್ತಿರಲಿ. 400 ವ್ಯಾಟಿನ ಪಿಸಿ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟಕ್ಕೆ ಮಾತ್ರ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಸೊನ್ನೆ ಬಿಲ್ ಬರುತ್ತಿದ್ದ ಮನೆಯಲ್ಲಿ ಜಗಳಕ್ಕೆ ಇಷ್ಟು ಸಾಕು.

ತೀರ್ಪು

ಮಾನಿಟರ್ ಬಿಟ್ಟು ಉಳಿದ ಬಜೆಟ್ಟನ್ನು ನೂರು ಎಂದಿಟ್ಟುಕೊಂಡರೆ ಎಸ್‌ಎಂಪಿಎಸ್, ಕ್ಯಾಬಿನೆಟ್, ಕೂಲರ್ ಮೂರಕ್ಕೂ ಸೇರಿ ಹದಿನೆಂಟು, ಬೋರ್ಡು, ಪ್ರೊಸೆಸರ್‌ಗೆ ಇಪ್ಪತ್ತೇಳು, ರ‍್ಯಾಮ್, ಎಸ್‌ಎಸ್‌ಡಿಗೆ ಇಪ್ಪತ್ತು, ಕಾರ್ಡಿಗೆ ಮೂವತ್ತೈದು. ಅರ್ಥಿಂಗ್ ಮತ್ತು ಯುಪಿಎಸ್ ಖರ್ಚು ಇದರಿಂದ ಹೊರಗೆ, ಇದಕ್ಕಿಂತ ಮೊದಲು. ದುಡ್ಡು ಸಾಲದೆ ಬಂದರೆ ಕಾರ್ಡಿನ ದರ್ಜೆ ಒಂದು ಮೆಟ್ಟಿಲು ಇಳಿಸಿ. ಎಸ್‌ಎಂಪಿಎಸ್‌ನಲ್ಲಿ ಕೈ ಬಿಗಿ ಮಾಡಬೇಡಿ. ಚಿಕ್ಕ ಕಾರ್ಡನ್ನು ಮುಂದಿನ ಬೆಳೆಯ ಹೊತ್ತಿಗೆ ಬದಲಿಸಬಹುದು. ಕೆಟ್ಟ ಎಸ್‌ಎಂಪಿಎಸ್ ಸುಟ್ಟ ಬೋರ್ಡನ್ನು ಮತ್ತೆ ಪೂರ್ತಿ ದುಡ್ಡು ಕೊಟ್ಟೇ ತರಬೇಕು.